ತುಳಸಿದಳ ನಮ್ಮೂರಿಗೆ ಬಂದ ಕಾಲ

ನಮ್ಮ ಮನೆಯಲ್ಲಿ ಜೋಳದ ಚೀಲಗಳ ಹಿಂದೆ ರಟ್ಟು ಕಿತ್ತುಹೋದ ಒಂದು ಪುಸ್ತಕ ಇತ್ತು. ಮೊದಲ ನಾಲ್ಕು ಪುಟ ಇಲಿ ತಿಂದಿತ್ತು. ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ ಅದನ್ನು ಕದ್ದು ಓದಿದೆ. ಆಮೇಲೆ ಎಂಟು ದಿನ ರಾತ್ರಿ ಒಬ್ಬನೇ ಹಿತ್ತಲಿಗೆ ಹೋಗಲಿಲ್ಲ. ಅದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'.

ಕುಷ್ಟಗಿ ಕಡೆಯ ಒಣಬೇಸಾಯದ ಊರಿಗೆ ತೆಲುಗಿನ ಕಾದಂಬರಿ ಬಂದದ್ದು ಹೇಗೆ? ಅದಕ್ಕೆ ಗಂಗಾವತಿಯ ಕಾಲುವೆ ನೋಡಬೇಕು. 1948ರವರೆಗೆ ನಾವೆಲ್ಲ ನಿಜಾಮರ ಕೈಕೆಳಗೆ ಇದ್ದವರು. ಕಚೇರಿ ಭಾಷೆ ಉರ್ದು. ಕನ್ನಡ ಓದು ಕೆಲವೇ ಮನೆಗಳಲ್ಲಿ ಇತ್ತು. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆಗೆ ಹರಿಯಿತು. ಆಂಧ್ರದ ರೈತರು ಬಂದು ಭೂಮಿ ಹಿಡಿದರು, ಕ್ಯಾಂಪುಗಳು ಎದ್ದವು, ಭತ್ತ ಬಂತು. ಭತ್ತದ ಜೊತೆ ತೆಲುಗು ಸಿನಿಮಾ ಬಂತು, ತೆಲುಗು ಮಾತು ಬಂತು. ಯಲಬುರ್ಗಾ, ಕುಷ್ಟಗಿಯಿಂದ ನಾಟಿಗೆ, ಕೊಯ್ಲಿಗೆ ಹೋದವರು ಅದನ್ನೆಲ್ಲ ಕೇಳಿಸಿಕೊಂಡೇ ಬಂದರು. ನನ್ನ ಚಿಗವ್ವನನ್ನು ಅಲ್ಲಿಯೇ ಒಂದು ಕ್ಯಾಂಪಿನ ಪಕ್ಕದ ಊರಿಗೆ ಕೊಟ್ಟಿದ್ದರು. ದಿನದ ಬಾಡಿಗೆಗೆ ಕಾದಂಬರಿ ಕೊಡುವ ಅಂಗಡಿಯಿಂದ ತಂದು ಓದುತ್ತಿದ್ದಳು. ಈ ಪುಸ್ತಕವನ್ನು ಮಾತ್ರ ತಿರುಗಿ ಕೊಡಲೇ ಇಲ್ಲ. (ಅಂಗಡಿಯವರು ಈಗ ಕೇಳಿದರೆ ನಾವು ಕೊಡಲು ತಯಾರಿದ್ದೇವೆ, ಬಾಡಿಗೆ ಮಾತ್ರ ಕೇಳಬಾರದು.)

ಯಂಡಮೂರಿಯವರು ಹುಟ್ಟಿದ್ದು 1948ರಲ್ಲಿ, ಓದಿದ್ದು ಚಾರ್ಟರ್ಡ್ ಅಕೌಂಟೆಂಟ್. ಲೆಕ್ಕದ ಮನುಷ್ಯ ಮಾಟದ ಕಥೆ ಬರೆದದ್ದೇ ಒಂದು ಸೋಜಿಗ. 1980ರ ಆಸುಪಾಸಿನಲ್ಲಿ ತೆಲುಗಿನಲ್ಲಿ ಬಂದ 'ತುಳಸಿದಳ' ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂತು. 1985ರಲ್ಲಿ ಅದೇ ಹೆಸರಿನ ಕನ್ನಡ ಸಿನಿಮಾನೂ ಬಂತು. ಒಂದು ಪುಟ್ಟ ಹುಡುಗಿಯ ಮೇಲೆ ಕಾಷ್ಮೋರಾ ಎಂಬ ಕ್ಷುದ್ರಶಕ್ತಿಯನ್ನು ಬಿಡುತ್ತಾರೆ, ಮಗು ದಿನದಿನಕ್ಕೆ ಸವೆಯುತ್ತದೆ. ಒಂದು ಕಡೆ ಮಾಂತ್ರಿಕ, ಇನ್ನೊಂದು ಕಡೆ ಡಾಕ್ಟರು, ಸಮ್ಮೋಹನ. ಯಾವುದು ನಿಜ ಅಂತ ಲೇಖಕರು ಗಟ್ಟಿಯಾಗಿ ಹೇಳುವುದಿಲ್ಲ. ಎರಡೂ ಬಾಗಿಲು ತೆರೆದೇ ಇಡುತ್ತಾರೆ. ಓದಿಸಿಕೊಂಡು ಹೋಗುವ ಗುಟ್ಟು ಅಲ್ಲಿದೆ. ನನ್ನ ತಕರಾರು ಕೂಡ ಅಲ್ಲೇ ಇದೆ.

ಪೇಟೆಯಲ್ಲಿ ಓದಿದವರು ಪುಸ್ತಕ ಮುಚ್ಚಿ ಲೈಟ್ ಆರಿಸಿ ಮಲಗಿದರು. ನಮ್ಮಲ್ಲಿ ಹಾಗೆ ಆಗಲಿಲ್ಲ. ಬೀದರ, ಕಲಬುರಗಿಯಿಂದ ಈ ಕಡೆಯವರೆಗೆ ಭಾನಾಮತಿ ಎಂಬ ಹೆಸರೇ ಸಾಕಾಗಿತ್ತು. ಮನೆ ಮೇಲೆ ಕಲ್ಲು ಬಿದ್ದರೆ, ಒಣಹಾಕಿದ ಬಟ್ಟೆ ಸುಟ್ಟರೆ, ಹುಡುಗಿ ನಾಯಿಯಂತೆ ಬೊಗಳಿದರೆ ಮಾಡಿದವರು ಯಾರು ಅಂತ ಹುಡುಕುತ್ತಿದ್ದರು. ನಮ್ಮ ಓಣಿಯಲ್ಲಿ ಒಬ್ಬ ವಿಧವೆ ಅಜ್ಜಿ ಇದ್ದಳು. ಅವಳ ಮನೆ ಮುಂದೆ ಹಾಯುವಾಗ ನಾವು ಹುಡುಗರು ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಪುಸ್ತಕ ಓದಿದ ಮೇಲೆ ಅವಳಿಗೆ ನಾನೇ ಒಂದು ಹೆಸರು ಇಟ್ಟೆ, ಕಾಷ್ಮೋರಾ ಅಜ್ಜಿ ಅಂತ. ಓಣಿಯ ಹುಡುಗರೆಲ್ಲ ಹಾಗೇ ಕರೆದರು. ಒಂದು ಸಲ ಅವಳು ನನಗೆ ಕೊಬ್ಬರಿ ಬೆಲ್ಲ ಕೊಟ್ಟಳು. ತಿನ್ನದೆ ಚರಂಡಿಗೆ ಎಸೆದೆ. ಅವಳು ನೋಡಿದಳು.

ಕಾದಂಬರಿಯ ಮಾಂತ್ರಿಕ ಬಲಿಷ್ಠ ಗಂಡಸು, ದೂರದ ಊರಿನವನು. ನಿಜದಲ್ಲಿ ನಮ್ಮಲ್ಲಿ ಮಾಟದ ಆರೋಪ ಹೊತ್ತವರು ಹೆಚ್ಚಾಗಿ ಬಡವರು, ಒಂಟಿ ಹೆಂಗಸರು, ತಿರುಗಿ ಮಾತಾಡಲು ಯಾರೂ ಇಲ್ಲದವರು. ಆ ಪುಟಗಳಲ್ಲಿ ಅವರು ನನಗೆ ಸಿಗಲಿಲ್ಲ. ತೆಲುಗಿನಲ್ಲಿ ರಂಗನಾಯಕಮ್ಮ ಆ ಕಾಲಕ್ಕೇ ಈ ಕಾದಂಬರಿಯನ್ನು ಖಾರವಾಗಿ ಟೀಕಿಸಿದ್ದರು, ಅವರ ಪುಸ್ತಕದ ಹೆಸರೇ 'ತುಳಸಿದಳಂ ಕಾದು ಗಂಜಾಯಿ ದಮ್ಮು'. ಕನ್ನಡದಲ್ಲಿ ನಿಮ್ಹಾನ್ಸ್‌ನ ಡಾ. ಸಿ. ಆರ್. ಚಂದ್ರಶೇಖರ್ ಮೈಮೇಲೆ ಬರುವುದು, ಭಾನಾಮತಿ ಇವೆಲ್ಲ ಮನಸ್ಸಿನ ತೊಂದರೆ ಅಂತ ಸರಳ ಮಾತಿನಲ್ಲಿ ಬರೆದರು. ಆ ಪುಸ್ತಕಗಳು ನನ್ನ ಕೈಗೆ ಸಿಕ್ಕಿದ್ದು ಕಾಲೇಜಿಗೆ ಹೋದ ಮೇಲೆ. ಚೀಲದ ಹಿಂದೆ ಇದ್ದದ್ದು 'ತುಳಸಿದಳ'. ಮಾಟದ ಹೆಸರಲ್ಲಿ ಹಿಂಸಿಸುವುದನ್ನು ತಡೆಯುವ ಕಾನೂನನ್ನು ನಮ್ಮ ರಾಜ್ಯ ಮಾಡಿದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರಲ್ಲಿ. ಅಷ್ಟೊತ್ತಿಗೆ ಅಜ್ಜಿ ತೀರಿಹೋಗಿದ್ದಳು.

ಹಾಗಂತ ಎಲ್ಲವನ್ನೂ ಲೇಖಕರ ತಲೆಗೆ ಕಟ್ಟುವುದು ತಪ್ಪು. ಭಾನಾಮತಿ ಅವರಿಗಿಂತ ಹಳೆಯದು, ಹೆಸರಿಟ್ಟವನು ನಾನು. ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟದ ನನಗೆ ಮುನ್ನೂರು ಪುಟ ಒಂದೇ ಏಟಿಗೆ ಓದಬಹುದು ಅಂತ ತೋರಿಸಿದವರೂ ಅವರೇ. ಅವರ ಕಾದಂಬರಿಯಿಂದಲೇ 1995ರಲ್ಲಿ 'ಬೆಳದಿಂಗಳ ಬಾಲೆ' ಸಿನಿಮಾ ಬಂತು. ಅದರಲ್ಲಿ ದೆವ್ವವೂ ಇಲ್ಲ, ಮಾಟವೂ ಇಲ್ಲ, ಫೋನಿನಲ್ಲಿ ಬರೀ ಒಂದು ಧ್ವನಿ. ಅದನ್ನು ಈಗಲೂ ಟಿವಿಯಲ್ಲಿ ಬಂದರೆ ಬಿಡುವುದಿಲ್ಲ.

ಹೋದ ದೀಪಾವಳಿಗೆ ಚಿಗವ್ವ ಬಂದಿದ್ದಳು. ಅಜ್ಜಿಗೆ ಹೆಸರಿಟ್ಟ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

"ಆ ಪುಸ್ತಕ ನಾನು ಇಲ್ಲಿಗೆ ತರಬಾರದಿತ್ತು ಬಿಡಪ್ಪ" ಅಂದಳು. ಆಮೇಲೆ ದನಿ ಸಣ್ಣ ಮಾಡಿ, "ಅದರ ಮುಂದಿನ ಭಾಗ 'ತುಳಸಿ' ಅಂತ ಐತೆಲ್ಲ, ಅದು ನನಗ ಸಿಕ್ಕೇ ಇಲ್ಲ. ನಿನ್ನ ಹತ್ರ ಐತೇನು?"