ಪುಣ್ಯಕೋಟಿ ಮರಳಬೇಕಿತ್ತೇ? ಪ್ರಾಥಮಿಕ ಕನ್ನಡ ತರಗತಿಯಲ್ಲಿ ವಾದ ಕಟ್ಟುವ ಕಲಿಕೆ

ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಈ ಮಾತನ್ನು ಯಾರು ಯಾರಿಗೆ ಹೇಳಿದರು: ಪ್ರಾಥಮಿಕ ಶಾಲೆಯ ಕನ್ನಡ ಪಾಠಗಳ ಅಭ್ಯಾಸದಲ್ಲಿ ನಮಗೆಲ್ಲ ಪರಿಚಿತವಾದ ಪ್ರಶ್ನೆಗಳಿವು. ‘ಏಕೆ’ ಎಂದು ಕೇಳಿದರೂ ಪಾಠದ ಒಂದು ಸಾಲನ್ನು ಎತ್ತಿ ಬರೆದರೆ ಸಾಕಾಗುತ್ತದೆ. ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮುಖ್ಯ ತತ್ತ್ವಗಳಲ್ಲೊಂದು. 2020ರ ಶಿಕ್ಷಣ ನೀತಿಯೂ ವಿಮರ್ಶಾತ್ಮಕ ಚಿಂತನೆಗೆ ಒತ್ತು ಕೊಟ್ಟಿದೆ. ಈ ಆಶಯ ಭಾಷಾ ತರಗತಿಗೆ ಇಳಿಯಬೇಕಾದರೆ ಎಲ್ಲಿಂದ ಶುರುಮಾಡಬೇಕು? ಮಕ್ಕಳಿಗೆ ಕಾರಣ ಕೊಡಲು ಬರುತ್ತದೆ, ಆಟದ ಬಯಲಲ್ಲಿ ಔಟೋ ಅಲ್ಲವೋ ಎಂಬ ಜಗಳ ಕೇಳಿದವರಿಗೆ ಇದು ಗೊತ್ತು. ಕೊಟ್ಟ ಕಾರಣ ತಮ್ಮ ನಿಲುವಿಗೆ ಹೇಗೆ ಆಸರೆಯಾಗುತ್ತದೆ ಎಂದು ಬಿಡಿಸಿ ಹೇಳುವುದನ್ನೇ ನಾವು ಕಲಿಸಬೇಕಾಗಿದೆ ಎಂಬುದು ನನ್ನ ವಾದ.

ತತ್ತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರ ತಮ್ಮ ಗ್ರಂಥದಲ್ಲಿ ನಿಲುವು, ಆಧಾರ ಮತ್ತು ಆಧಾರದಿಂದ ನಿಲುವಿಗೆ ದಾಟಿಸುವ ನಿಯಮ ಎಂದು ವಾದದ ಮುಖ್ಯ ಅಂಗಗಳನ್ನು ಗುರುತಿಸಿದರು. ಆ ನಿಯಮ ಬಹಳ ಸಲ ಮಾತಿನಲ್ಲಿ ಬಾರದೆ ಅಡಗಿಯೇ ಇರುತ್ತದೆ. ನಮ್ಮ ನ್ಯಾಯದರ್ಶನದ ಪಂಚಾವಯವ, ಅಂದರೆ ಐದು ಅಂಗಗಳ, ವಾಕ್ಯದಲ್ಲಾದರೋ ಅದಕ್ಕೆ ಸ್ವಂತ ಸ್ಥಾನವಿದೆ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ ಎಂದಷ್ಟಕ್ಕೆ ನೈಯಾಯಿಕರು ನಿಲ್ಲುವುದಿಲ್ಲ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಹತ್ತು ವರ್ಷದ ಮಗುವಿಗೆ ಈ ಕ್ರಮ ಸುಲಭವಾಗಿ ನಿಲುಕುತ್ತದೆಂದು ನನಗನ್ನಿಸುತ್ತದೆ.

ಗೋವಿನ ಹಾಡನ್ನೇ ನೋಡೋಣ. ಹುಲಿಯ ಕೈಗೆ ಸಿಕ್ಕ ಹಸು ಪುಣ್ಯಕೋಟಿ, ಕರುವನ್ನು ಕಂಡು ಮರಳುವೆನೆಂದು ಮಾತು ಕೊಟ್ಟು ಹೋಗಿ, ಅದರಂತೆ ಮರಳುವ ಕಥೆ ಅದು. ತಲೆಮಾರುಗಳಿಂದ ಅದನ್ನು ಸತ್ಯದ ಪಾಠವಾಗಿ ಕಲಿಸುತ್ತ ಬಂದಿದ್ದೇವೆ, ಅದರೊಳಗಿನ ವಾದಗಳನ್ನು ಮಾತ್ರ ಗಮನಿಸಿಲ್ಲ. ಬಿಟ್ಟರೆ ಹಸು ಮರಳಿ ಬರುವುದೇ ಎಂಬ ಶಂಕೆ ಹುಲಿಯದು. ತಾಯಿ ಹೋದರೆ ತನಗೆ ಯಾರು ಗತಿ ಎಂಬ ಅಳಲು ಕರುವಿನದು. ಕೊಟ್ಟ ಮಾತಿಗೆ ತಪ್ಪಲಾಗದು ಎಂಬುದು ಪುಣ್ಯಕೋಟಿಯ ಉತ್ತರ. ‘ಪುಣ್ಯಕೋಟಿ ಮರಳಿದ್ದು ಸರಿಯೇ?’ ಎಂದು ಐದನೆಯ ತರಗತಿಯಲ್ಲಿ ಕೇಳಿದರೆ, ‘ಸರಿ, ಅವಳು ಮಾತು ಕೊಟ್ಟಿದ್ದಳು’ ಎಂಬ ಉತ್ತರ ಬರಬಹುದು. ಇದರಲ್ಲಿ ನಿಲುವೂ ಆಧಾರವೂ ಇವೆ. ಶಿಕ್ಷಕರು ಮುಂದೆ ಕೇಳಬೇಕಾದದ್ದು ಹೀಗೆ: ಪ್ರಾಣ ಹೋಗುವುದಾದರೂ ಕೊಟ್ಟ ಮಾತು ನಡೆಸಲೇಬೇಕೇ? ಹೆದರಿಸಿ ಪಡೆದ ಮಾತಿಗೂ ಅಷ್ಟೇ ಬೆಲೆಯೇ? ಆಗ ಮಗು ತನ್ನ ಮಾತಿನ ಹಿಂದೆ ಅಡಗಿದ್ದ ನಿಯಮವನ್ನು ಹೊರಗಿಟ್ಟು ನೋಡಬೇಕಾಗುತ್ತದೆ. ಕರುವಿನ ಪರ ನಿಂತ ಮಗುವೂ ಸುಮ್ಮನಿರುವಂತಿಲ್ಲ, ಏಕೆಂದರೆ ಕರುವನ್ನು ನೋಡಿಕೊಳ್ಳುವಂತೆ ಪುಣ್ಯಕೋಟಿ ಉಳಿದ ಹಸುಗಳನ್ನು ಕೇಳಿಕೊಂಡೇ ಹೋಗಿದ್ದಾಳೆ. ಆ ಭಾಗವನ್ನು ಮತ್ತೆ ಓದದೆ ಉತ್ತರಿಸಲಾಗದು. ಹೀಗೆ ಚರ್ಚೆಯೇ ಮಕ್ಕಳನ್ನು ಪಠ್ಯದ ಹತ್ತಿರಕ್ಕೆ ತರುತ್ತದೆ.

ಇಂಥ ಪ್ರಶ್ನೆಯಿಂದ ಹಾಡಿನ ಮೇಲಿನ ಗೌರವ ಕುಗ್ಗೀತೆಂಬ ಅಳುಕು ಸಹಜ. ಆದರೆ ಮರಳದೆ ಇರಲು ಎಷ್ಟೊಂದು ಕಾರಣಗಳಿದ್ದವೆಂದು ತೂಗಿ ನೋಡಿದ ಮಗುವಿಗೆ ಅವಳ ನಿರ್ಧಾರ ಇನ್ನಷ್ಟು ದೊಡ್ಡದಾಗಿಯೇ ಕಾಣುತ್ತದೆ.

ತರಗತಿಯಲ್ಲಿ ಇದನ್ನು ನಡೆಸುವಾಗ ಮೊದಲು ಮಾತು, ಆಮೇಲೆ ಬರಹ. ಅದೂ ಮಗುವಿನ ಮನೆಮಾತಿನಲ್ಲೇ ಶುರುವಾಗಲಿ. ಬಾಗಲಕೋಟೆಯ ಮಗು ‘ಯಾಕಂದ್ರ’ ಎಂದಾಗಲೇ ತಿದ್ದಿದರೆ ವಾದ ಅಲ್ಲಿಗೇ ನಿಂತುಹೋಗುತ್ತದೆ. ಮೌಲ್ಯಮಾಪನವೂ ಬದಲಾಗಬೇಕು. ಶಿಕ್ಷಕರು ಒಪ್ಪದ ನಿಲುವಿಗೂ ಆಧಾರ ಮತ್ತು ನಿಯಮ ಸರಿಯಿದ್ದರೆ ಪೂರ್ತಿ ಅಂಕ ಸಿಗಬೇಕು. ಎದುರು ಪಕ್ಷದ ಅತ್ಯಂತ ಬಲವಾದ ಮಾತನ್ನು ಎತ್ತಿಕೊಂಡು ಉತ್ತರಿಸಿದ್ದಕ್ಕೆ ಪ್ರತ್ಯೇಕ ಅಂಕವಿರಬೇಕು.