ಚನ್ನಪಟ್ಟಣದ ಆಟಿಕೆ ಕಾರು ಮತ್ತು ಅರಗಿನ ಬಣ್ಣ

ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಮಾದರಿ ಕಾರುಗಳ ಹವ್ಯಾಸವು ಎರಡನೆಯ ಮಹಾಯುದ್ಧದ ನಂತರ ಅಮೆರಿಕ, ಬ್ರಿಟನ್ ಮತ್ತು ಜಪಾನುಗಳಲ್ಲಿ ಹರಡಿತು. ಅಲ್ಲಿ ಕಾರಿನ ಮೈಯನ್ನು ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಎಂಬ ತಳಬಣ್ಣ ಕೊಟ್ಟು, ಅದು ಒಣಗಿದ ಮೇಲೆ ಮೇಲ್ಬಣ್ಣವನ್ನು ತೆಳುವಾಗಿ ಹಲವು ಸಲ ಸಿಂಪಡಿಸಿ, ಕೊನೆಗೆ ಪಾರದರ್ಶಕ ವಾರ್ನಿಷಿನಿಂದ ಹೊಳಪು ತರುವುದು ರೂಢಿ. ಬಣ್ಣ ಒಂದು ಹಂತ, ಹೊಳಪು ಮತ್ತೊಂದು ಹಂತ. ಕರ್ನಾಟಕದಲ್ಲಿ ಆಟಿಕೆ ಕಾರುಗಳಿಗೆ ಹೆಸರಾದ ಚನ್ನಪಟ್ಟಣದ ಕ್ರಮದಲ್ಲಿ ಈ ವಿಂಗಡಣೆಯೇ ಇಲ್ಲ. ಅಲ್ಲಿ ಬಣ್ಣ, ಅಂಟು ಮತ್ತು ಹೊಳಪು ಮೂರೂ ಅರಗೆಂಬ ಒಂದೇ ವಸ್ತುವಿನಿಂದ, ಒಂದೇ ಕ್ರಿಯೆಯಲ್ಲಿ ಒದಗುತ್ತವೆ. ಆ ಊರಿನ ಕಸುಬಿನ ಏಳುಬೀಳುಗಳಿಗೆ ಆಟಿಕೆಯ ಆಕಾರಕ್ಕಿಂತ ಅದರ ಬಣ್ಣಗಾರಿಕೆಯೇ ಹೆಚ್ಚು ಕಾರಣವಾಗಿದೆ.

ಅರಗು ಎಂಬುದು ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ಕೊಂಬೆಗಳಲ್ಲಿ ನೆಲೆಸುವ ಸಣ್ಣ ಕೀಟ ಸ್ರವಿಸುವ ರಾಳ. ಅದನ್ನು ತೊಳೆದು, ಕಾಯಿಸಿ, ಬಣ್ಣ ಬೆರೆಸಿ ನಾದಿ ಕಡ್ಡಿಗಳಾಗಿ ಎಳೆದಿಟ್ಟುಕೊಳ್ಳುತ್ತಾರೆ. ಒಣಗಿಸಿ ಹದಗೊಳಿಸಿದ ಆಲೆಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆದು, ನಯಗೊಳಿಸಿದ ನಂತರ, ರಭಸದಿಂದ ತಿರುಗುತ್ತಿರುವ ಮರಕ್ಕೆ ಈ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಕಾವಿಗೆ ಅರಗು ಮೆತ್ತಗಾಗಿ ಮರದ ಮೈಗೆ ಹತ್ತಿಕೊಳ್ಳುತ್ತದೆ. ಬಳಿಕ ಕೇದಗೆಯ ಜಾತಿಯ ಒಣ ಗರಿಯಿಂದ ಒತ್ತಿ ಉಜ್ಜಿದರೆ ಬಣ್ಣ ಸಮವಾಗಿ ಹರಡಿ ಕನ್ನಡಿಯಂಥ ಹೊಳಪು ಬರುತ್ತದೆ. ಕುಂಚ ಬೇಡ, ಒಣಗಲು ಕಾಯಬೇಕಿಲ್ಲ. ಆಲೆಮರವನ್ನೇ ಆರಿಸುವುದಕ್ಕೂ ಕಾರಣವಿದೆ: ಅದರ ಬೆಳ್ಳಗಿನ, ಒತ್ತಾದ ಎಳೆಯ ಮೈಯಲ್ಲಿ ಬಣ್ಣ ಮಂಕಾಗುವುದಿಲ್ಲ, ಕಡೆಯುವಾಗ ಸಿಬಿರೇಳುವುದೂ ಕಡಿಮೆ.

ಈ ಕ್ರಮಕ್ಕೆ ತನ್ನದೇ ಆದ ಒಂದು ಕಟ್ಟುಪಾಡಿದೆ. ತಿರುಗುವ ಮೈಗೆ ಮಾತ್ರ ಅರಗು ಹಿಡಿಯುವುದರಿಂದ ಚಪ್ಪಟೆ ಹಲಗೆಗೆ ಲೇತಿನಲ್ಲಿ ಈ ಹೊಳಪು ಕೊಡಲಾಗದು. ಚನ್ನಪಟ್ಟಣದ ಕಾರುಗಳು ಮೊಟ್ಟೆಯಾಕಾರದ ಮೈ, ಗುಂಡು ಗಾಲಿ, ಗೋಲಿಯಂಥ ತಲೆಯ ಚಾಲಕನೊಡನೆ ಕಾಣಿಸಿಕೊಳ್ಳುವುದು ಇದರಿಂದಲೇ. ಪ್ಲಾಸ್ಟಿಕ್ ಮಾದರಿಯು ನಿಜವಾದ ಕಾರಿನ ಪ್ರತಿಯೊಂದು ಅಂಚನ್ನೂ ಅಳತೆಗೆ ತಕ್ಕಂತೆ ಅನುಕರಿಸಿದರೆ, ಇಲ್ಲಿ ಬಣ್ಣ ಹಚ್ಚುವ ವಿಧಾನವೇ ಕಾರಿಗೆ ರೂಪ ಕೊಟ್ಟಿತು. ಇದನ್ನು ಕೊರತೆಯೆಂದು ಎಣಿಸಿದವರು ಈ ಕಸುಬಿನ ಜಾಣ್ಮೆಯನ್ನು ಗ್ರಹಿಸಿಲ್ಲ ಎಂದೇ ಹೇಳಬೇಕಾಗುತ್ತದೆ. ಇದಕ್ಕೆ ಹೋಲಿಸಿದರೆ, ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಪೊಳಕಿ ಮರದ ಬೊಂಬೆಗೆ ಹುಣಸೆಬೀಜದ ಅಂಟು ಬೆರೆಸಿದ ಲೇಪವನ್ನು ಮೆತ್ತಿ, ತಳಬಣ್ಣ ಬಳಿದು, ಕುಂಚದಿಂದ ಬಣ್ಣ ತುಂಬುವ ಪದ್ಧತಿಯು ಪ್ಲಾಸ್ಟಿಕ್ ಮಾದರಿಯ ಕ್ರಮಕ್ಕೆ ಹೆಚ್ಚು ಹತ್ತಿರ.

ಚನ್ನಪಟ್ಟಣಕ್ಕೆ ಕೈಕಸುಬು ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಗಾಜಿನ ಕೆಲಸವನ್ನೂ ವಾದ್ಯಗಳ ಉಕ್ಕಿನ ತಂತಿಯನ್ನೂ ಬಿಳಿ ಸಕ್ಕರೆಯನ್ನೂ ದಾಖಲಿಸಿದ್ದಾನೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಅರಗಿನ ಕೆಲಸವನ್ನು ಕಲಿಸಿದನೆಂಬುದು ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಬೊಂಬೆ ತಯಾರಿಕೆಯ ವಿಧಾನಗಳನ್ನು ತಂದು ಸ್ಥಳೀಯರಿಗೆ ಹೇಳಿಕೊಟ್ಟು ಆಟಿಕೆಯ ಕಸುಬನ್ನು ಬೆಳೆಸಿದರು. ಕೈಯಿಂದ ಎಳೆದು ತಿರುಗಿಸುತ್ತಿದ್ದ ಲೇತಿನ ಜಾಗಕ್ಕೆ ವಿದ್ಯುತ್ ಲೇತು ಬಂದಾಗ ಕೆಲಸದ ವೇಗ ಹೆಚ್ಚಿತು.

ಬಣ್ಣದ ಇತಿಹಾಸ ಇಷ್ಟು ಸರಳವಲ್ಲ. ವಿಲಿಯಂ ಪರ್ಕಿನ್ 1856ರಲ್ಲಿ ಕೃತಕ ಬಣ್ಣ ಕಂಡುಹಿಡಿದ ಮೇಲೆ ಅಗ್ಗದ ರಾಸಾಯನಿಕ ಬಣ್ಣಗಳು ಲೋಕವನ್ನೆಲ್ಲ ಆವರಿಸಿದವು, ಅರಗಿನ ಕಡ್ಡಿಯೊಳಕ್ಕೂ ಬಂದವು. ಮಗು ಬಾಯಿಗಿಡುವ ವಸ್ತುವಿನಲ್ಲಿ ಸೀಸದಂಥ ಲೋಹಗಳು ಇರಬಾರದೆಂದು ಯೂರೋಪಿನ ಆಮದುದಾರರು ಪಟ್ಟು ಹಿಡಿದಾಗ, ಅರಿಶಿನ, ಕಾಚು, ನೀಲಿ ಮೊದಲಾದ ಸಸ್ಯಜನ್ಯ ಬಣ್ಣಗಳತ್ತ ಮತ್ತೆ ಹೊರಳುವುದು ಅನಿವಾರ್ಯವಾಯಿತು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳಿಂದ ಮಾರುಕಟ್ಟೆ ಕುಸಿದಿದ್ದ ಕಾಲದಲ್ಲಿ ಈ ಹೊರಳುವಿಕೆಯೇ ಕಸುಬಿಗೆ ಆಸರೆಯಾಯಿತೆಂಬುದು ಗಮನಾರ್ಹ.

2005–06ರಲ್ಲಿ ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕ, ಅಂದರೆ ಒಂದು ಪ್ರದೇಶದ ಹೆಸರನ್ನು ಅಲ್ಲಿಯ ಸರಕಿಗಷ್ಟೇ ಮೀಸಲಿಡುವ ಕಾನೂನಿನ ಮಾನ್ಯತೆ, ದೊರೆಯಿತು. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಬಿಐಎಸ್ ಗುಣಮಟ್ಟದ ಗುರುತು ಕಡ್ಡಾಯವಾದಾಗ, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳ ಅಧಿಕೃತ ತಯಾರಕರಿಗೂ ಸರ್ಕಾರ ವಿನಾಯಿತಿ ಕೊಟ್ಟಿತು. ಸಣ್ಣ ಕೆಲಸಗಾರರಿಗೆ ಪರೀಕ್ಷೆಯ ವೆಚ್ಚವನ್ನು ತಪ್ಪಿಸಿದ ಈ ಕ್ರಮ ನ್ಯಾಯವಾದದ್ದೇ. ಆದರೆ ಇದರಿಂದ ಬಣ್ಣದ ಶುದ್ಧತೆಯ ಹೊಣೆ ಪೂರ್ತಿಯಾಗಿ ಅರಗು ಕಾಯಿಸುವವರ ಮೇಲೆ ಬಿದ್ದಿದೆ. ಹೊಸ ವಿನ್ಯಾಸಗಳಿಗೆಂದು ಮೀಸಲಿಡುವ ಹಣದಲ್ಲಿ ಒಂದು ಪಾಲನ್ನಾದರೂ ಸಸ್ಯಬಣ್ಣದ ಅರಗಿನ ಕಡ್ಡಿಗಳನ್ನು ಕೈಗೆಟಕುವ ಬೆಲೆಗೆ ಒದಗಿಸುವುದಕ್ಕೂ, ಅವುಗಳ ಪರೀಕ್ಷೆಯನ್ನು ಚನ್ನಪಟ್ಟಣದಲ್ಲೇ ಉಚಿತವಾಗಿ ಮಾಡಿಕೊಡುವುದಕ್ಕೂ ಸರ್ಕಾರ ವಿನಿಯೋಗಿಸಬೇಕು.