ಹೊಟ್ಟೆಗೂ ಕರೆಂಟು! (ಬನ್ನಂಜೆ ಕಟ್ಟೆ ಮಾತು, ಭಾಗ 9)

ಬನ್ನಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳ್ತದೆ: "ಸೊಂಟಕ್ಕೆ ಕರೆಂಟ್ ಕೊಡಿಸ್ಲಿಕ್ಕುಂಟು, ಮಣಿಪಾಲಕ್ಕೆ ಹೊರಟದ್ದು." ಸೊಂಟನೋವು, ಗಂಟುನೋವು ಎಲ್ಲ ಜೋರಾಗಿ ಹೇಳ್ತಾರೆ. ನಾಲ್ಕು ದಿನದಿಂದ ಕಕ್ಕಸಿಗೆ ಸರಿ ಹೋಗ್ಲಿಕ್ಕಾಗ್ಲಿಲ್ಲ ಅಂತ ಮಾತ್ರ ಯಾರೂ ಹೇಳುದಿಲ್ಲ. ನಮ್ಮಜ್ಜಿಯೂ ಹೇಳಿರಲಿಲ್ಲ. ಕಪಾಟಿನಲ್ಲಿ ಸೀರೆಗಳ ಹಿಂದೆ ಇಸಬ್‌ಗೋಲ್ ಡಬ್ಬಿ ಸಿಕ್ಕಿದ ಮೇಲೆಯೇ ನಮಗೆ ಗೊತ್ತಾದದ್ದು.

ಆ ಕರೆಂಟಿಗೂ ಈ ಡಬ್ಬಿಗೂ ಒಂದು ಸಂಬಂಧ ಉಂಟು ಮಾರಾಯ್ರೆ.

ಕಪ್ಪೆಯಿಂದ ಶುರು ಮಾಡ್ಬೇಕು. ಸತ್ತ ಕಪ್ಪೆಯ ಕಾಲು ವಿದ್ಯುತ್ತು ತಾಗಿದರೆ ಒದೆಯುತ್ತದೆ ಅಂತ ಇಟಲಿಯ ಗ್ಯಾಲ್ವಾನಿ 1791ರಲ್ಲಿ ಬರೆದ. (ಹಳೇ ಎಂಬಿಬಿಎಸ್‌ನವರನ್ನು ಕೇಳಿ ನೋಡಿ, ಲ್ಯಾಬಿನಲ್ಲಿ ಅವರೂ ಆ ಕಪ್ಪೆಯ ಕಾಲು ಕುಣಿಸಿದವರೇ.) ಮುಂದಿನ ನೂರು ವರ್ಷ ಯುರೋಪಿನ ವೈದ್ಯರು ಕಂಡಕಂಡ ಕಾಯಿಲೆಗೆಲ್ಲ ಕರೆಂಟು ಹಚ್ಚಿದರು. ಮಲಬದ್ಧತೆಗೂ ಹೊಟ್ಟೆ ಮೇಲೆ ಹಾಯಿಸಿದ್ದುಂಟು.

ಈಗಿನ ಚಿಕಿತ್ಸೆ ಬಂದದ್ದು ಮಾತ್ರ ಮೂತ್ರಕೋಶದ ದಾರಿಯಿಂದ. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮಿಲ್ ಟನಾಘೋ, ರಿಚರ್ಡ್ ಶ್ಮಿಟ್ ಬೆನ್ನೆಲುಬಿನ ಬುಡದ ನರದ ಪಕ್ಕ ತೆಳು ತಂತಿ ಇಟ್ಟು, ಪೇಸ್‌ಮೇಕರ್ ಥರದ ಯಂತ್ರ ಜೋಡಿಸಿ ಮೂತ್ರದ ತೊಂದರೆ ಹತೋಟಿಗೆ ತಂದರು. ಅಲ್ಲಿಂದ ಹೊರಡುವ ನರಗಳೇ ಮಲದ್ವಾರಕ್ಕೂ ಹೋಗುದು. 1995ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಕ್ಲಾಸ್ ಮಾಟ್ಜೆಲ್ ತಂಡ ಮಲ ತಡೆಯಲಾಗದ ಮೂವರಿಗೆ ಇದನ್ನು ಕೂರಿಸಿತು, ಗುಣವೂ ಕಂಡಿತು. ಹಾಗಾದ್ರೆ ಹೋಗ್ಲಿಕ್ಕೇ ಆಗದವರಿಗೂ ಉಪಕಾರ ಆಗ್ಬಹುದಲ್ವಾ?

ಆಗ್ತದೆ ಅಂತಲೇ ಕಂಡಿತು. 2010ರಲ್ಲಿ ಯುರೋಪಿನ ಕೆಲವು ಆಸ್ಪತ್ರೆಗಳು ಸೇರಿ 62 ಜನರಿಗೆ ತಾತ್ಕಾಲಿಕ ತಂತಿ ಇಟ್ಟು ನೋಡಿದ್ದನ್ನು ಪ್ರಕಟಿಸಿದವು. 45 ಜನರಿಗೆ ಕಾಯಂ ಯಂತ್ರ ಕೂರಿಸಿದ್ರು, ಹೆಚ್ಚಿನವರು ಸುಧಾರಿಸಿದ್ರು. ಆದರೆ ಅಲ್ಲಿ ಹೋಲಿಸ್ಲಿಕ್ಕೆ ಸುಳ್ಳು ಚಿಕಿತ್ಸೆಯ ಗುಂಪು ಇರ್ಲಿಲ್ಲ. ಆಮೇಲೆ ಆಸ್ಟ್ರೇಲಿಯಾದಲ್ಲಿ (2015), ಫ್ರಾನ್ಸಿನಲ್ಲಿ (2017) ರೋಗಿಗೆ ತಿಳಿಯದ ಹಾಗೆ ಯಂತ್ರವನ್ನು ಕೆಲವು ವಾರ ಆನ್, ಕೆಲವು ವಾರ ಆಫ್ ಇಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ! ಲಕ್ಷಗಟ್ಟಲೆ ಖರ್ಚಿನ ಆಪರೇಷನ್ ಮಾರಾಯ್ರೆ ಇದು. ಈ ಎರಡು ಪರೀಕ್ಷೆ ಮಾಡಿದವರಿಗೆ ನಾನಂತೂ ಕೈ ಮುಗೀತೇನೆ.

ಇನ್ನು ನಮ್ಮ ಸೊಂಟದ ಕರೆಂಟು. ಫಿಸಿಯೋಥೆರಪಿಯವರ ಐಎಫ್‌ಟಿ ಮೆಷಿನ್ ನೋಡಿರ್ತೀರಿ, ನಾಲ್ಕು ಪ್ಯಾಡಿನದ್ದು. ವಿಯೆನ್ನಾದ ಹಾನ್ಸ್ ನೆಮೆಕ್ 1950ರ ಆಸುಪಾಸಿನಲ್ಲಿ ರೂಪಿಸಿದ ವಿಧಾನ ಅದು. ಮೆಲ್ಬರ್ನಿನ ಮಕ್ಕಳ ಆಸ್ಪತ್ರೆಯವರು ಅದರ ಎರಡು ಪ್ಯಾಡ್ ಹೊಟ್ಟೆಗೆ, ಎರಡು ಬೆನ್ನಿಗೆ ಅಂಟಿಸಿ, ಯಾವ ಮದ್ದಿಗೂ ಬಗ್ಗದ ಮಲಬದ್ಧತೆಯ ಬೆರಳೆಣಿಕೆಯ ಮಕ್ಕಳಿಗೆ ಕೊಟ್ಟು 2005ರಲ್ಲಿ ವರದಿ ಮಾಡಿದ್ರು. ಕೊಯ್ಲಿಕ್ಕಿಲ್ಲ, ಚುಚ್ಚಲಿಕ್ಕಿಲ್ಲ, ಸುಮಾರು ಮಕ್ಕಳಿಗೆ ಹಗುರ ಆಯ್ತು. ಮುಂದಿನ ಅಧ್ಯಯನಗಳೂ ಸಣ್ಣವೇ, ಆದರೂ ಆಸೆ ಇನ್ನೂ ಉಂಟು.

ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದೆ. ಹೊಟ್ಟೆಗೆ ಕರೆಂಟ್ ಬೇಡವೇ ಬೇಡ ಅಂದ್ರು. ಆದರೆ ಮೊನ್ನೆ ಮೊದಲ ಸಲ ಡಾಕ್ಟ್ರ ಎದುರು ಬಾಯಿಬಿಟ್ಟು ಹೇಳಿದ್ರು. ಡಾಕ್ಟ್ರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ನೀರು ಕುಡೀತೀರಿ ಅಮ್ಮ?"

ಡಬ್ಬಿ ಈಗ ಅಡುಗೆಮನೆಯಲ್ಲಿ, ಚಾಪುಡಿಯ ಪಕ್ಕ.

#ಬನ್ನಂಜೆ #ಉಡುಪಿ #ಕಟ್ಟೆಮಾತು